ಹುಟ್ಟುವಾಗಲೇ ಪೆಟ್ಟು ತಿಂದ ಮಕ್ಕಳ ಕಿವಿ, ಕಣ್ಣು, ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಂಬತ್ತು ವರ್ಷ ಕುಳಿತವಳು ನಾನು. ಗಂಗಾವತಿಯಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ಬಳ್ಳಾರಿಗೆ ಮಗನನ್ನು ಸೊಂಟದ ಮೇಲೆ ಹೊತ್ತು ಓಡಾಡಿದ್ದೇನೆ. ಅವನಿಗೆ ಈಗ ಹನ್ನೊಂದು. ಆ ಬೆಂಚಿನ ಮೇಲೆ ಪಕ್ಕಕ್ಕೆ ಬಂದು ಕುಳಿತ ತಾಯಂದಿರು, ಅಜ್ಜಿಯರು, ಅಪರೂಪಕ್ಕೆ ಒಬ್ಬಿಬ್ಬರು ತಂದೆಯರು ಕೇಳಿದ ಪ್ರಶ್ನೆಗಳಿವು. ಎಲ್ಲರ ಮೊದಲ ಪ್ರಶ್ನೆ ಒಂದೇ: "ಯಾವಾಗ ನಡೆಯುತ್ತಾನೆ?" ಅದಕ್ಕೆ ಉತ್ತರ ಇಲ್ಲಿಲ್ಲ. ಕಾಲಿನ ಚಿಂತೆಯಲ್ಲಿ ಮುಳುಗಿ ನಾವು ಕೇಳಲು ಮರೆಯುವುದೇನೋ ಅದು ಇಲ್ಲಿದೆ. ನಾನು ವೈದ್ಯೆಯಲ್ಲ. ಔಷಧ, ಶಸ್ತ್ರಚಿಕಿತ್ಸೆಗಳ ತೀರ್ಮಾನ ನಿಮ್ಮ ವೈದ್ಯರದೇ.

"ನರ ವೀಕ್" ಎಂದರು. ನರಕ್ಕೂ ಕಿವಿ, ಕಣ್ಣಿಗೂ ಏನು ಸಂಬಂಧ?

ನಮ್ಮ ಕಡೆ "ನರ ವೀಕ್" ಎಂಬ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳನ್ನು ತುರುಕುತ್ತಾರೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು.

ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಕುತ್ತಿಗೆ ಎಳೆದಾಗ ತೋಳಿಗೆ ಹೋಗುವ ನರಗಳ ಗೊಂಚಲಿಗೆ ಪೆಟ್ಟಾಗುವುದು ಒಂದು. ಒಂದು ಕೈ ಮಾತ್ರ ಜೋತು ಬೀಳುತ್ತದೆ. ಕಿವಿಗೂ ಮಾತಿಗೂ ಇದರಿಂದ ಕೇಡಿಲ್ಲ. ಆದರೆ ಅದೇ ಬದಿಯ ಕಣ್ಣಿನ ರೆಪ್ಪೆ ಇಳಿಬಿದ್ದು, ಪಾಪೆ ಚಿಕ್ಕದಾಗಿ ಕಂಡರೆ ನರ ಬೆನ್ನುಹುರಿಯ ಬುಡದಲ್ಲೇ ಕಿತ್ತಿರುವ ಸುಳಿವು ಇರಬಹುದು. ಅದನ್ನು ತಡಮಾಡದೆ ತೋರಿಸಬೇಕು.

ಎರಡನೆಯದು ಮುಖದ ನರ. ಮಗು ಅಳುವಾಗ ಬಾಯಿ ಒಂದೇ ಕಡೆಗೆ ಎಳೆಯುತ್ತದೆ, ಇನ್ನೊಂದು ಕಡೆಯ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಇಕ್ಕಳ ಹಾಕಿದ ಹೆರಿಗೆಯಲ್ಲಿ ಇದನ್ನು ಕಾಣುತ್ತೇವೆ. ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ಆ ಕಣ್ಣು ಒಣಗದಂತೆ ವೈದ್ಯರು ಕೊಟ್ಟ ಹನಿ ಹಾಕಬೇಕು.

ಮೂರನೆಯದು ನರವೇ ಅಲ್ಲ, ಮೆದುಳು. ಹುಟ್ಟಿದ ಕೂಡಲೇ ಅಳದ ಮಗು, ತಿಂಗಳು ತುಂಬದೆ ಹುಟ್ಟಿದ ಮಗು, ಕಾಮಾಲೆ ತಲೆಗೇರಿದ ಮಗು, ಸಕ್ಕರೆ ಅಂಶ ಕುಸಿದು ಫಿಟ್ಸ್ ಬಂದ ಮಗು, ಬಸಿರಿನಲ್ಲೇ ತಾಯಿಗೆ ಸೋಂಕು ತಗುಲಿದ ಮಗು, ಇವರಲ್ಲಿ ಮೆದುಳಿಗೆ ಪೆಟ್ಟಾಗಿರಬಹುದು. ಕೈಕಾಲು ಬಿಗಿಯುವ, ಇಲ್ಲವೇ ತಮ್ಮಷ್ಟಕ್ಕೆ ಹೊರಳಾಡುವ ಈ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ, ಬಾಯಲ್ಲಿ ಸಿಪಿ. ಕೈಕಾಲನ್ನು ಆಡಿಸುವ ಮೆದುಳೇ ಕೇಳಿಸಿಕೊಳ್ಳುತ್ತದೆ, ನೋಡುತ್ತದೆ, ನಾಲಿಗೆಯನ್ನು ತಿರುಗಿಸುತ್ತದೆ. ಪೆಟ್ಟು ಕಾಲಿನ ಪಾಲಿನ ಜಾಗವನ್ನಷ್ಟೇ ಹುಡುಕಿಕೊಂಡು ಬರುವುದಿಲ್ಲ. ಮುಂದಿನ ಉತ್ತರಗಳೆಲ್ಲ ಈ ಮೂರನೆಯ ಗುಂಪಿನ ಮಕ್ಕಳ ಕುರಿತು.

ಸಿಪಿ ಇರುವ ಎಲ್ಲ ಮಕ್ಕಳಿಗೂ ಈ ತೊಂದರೆಗಳು ಬರುತ್ತವೆಯೇ?

ಇಲ್ಲ. ಹೊರದೇಶಗಳಲ್ಲಿ ಇಂಥ ಮಕ್ಕಳ ನೋಂದಣಿ ಇಟ್ಟವರ ಲೆಕ್ಕ ಸ್ಥೂಲವಾಗಿ ಹೀಗಿದೆ: 4 ಮಕ್ಕಳಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ, 10ರಲ್ಲಿ ಒಬ್ಬರಿಗೆ ತೀವ್ರ ದೃಷ್ಟಿದೋಷ, 25ರಲ್ಲಿ ಒಬ್ಬರಿಗೆ ತೀವ್ರ ಕಿವುಡು. ಮೆಳ್ಳಗಣ್ಣು, ಚಷ್ಮೆ ಬೇಕಾಗುವ ದೋಷ, ತೊದಲು, ಜೊಲ್ಲು ಇವು ಇನ್ನೂ ಹೆಚ್ಚು ಮಕ್ಕಳಲ್ಲಿವೆ. ಆದ್ದರಿಂದ "ಇದ್ದೇ ಇರುತ್ತದೆ" ಎಂದು ಕೈಚೆಲ್ಲುವುದೂ ತಪ್ಪು, "ನಮ್ಮ ಮಗುವಿಗೆ ಇರಲಾರದು" ಎಂದು ಪರೀಕ್ಷೆ ಮುಂದೂಡುವುದೂ ತಪ್ಪು.

ಯಾವ ಮಗುವಿಗೆ ಕಿವಿ ಪರೀಕ್ಷೆ ತಪ್ಪಿಸಲೇಬಾರದು?

ನವಜಾತ ಶಿಶುಗಳ ಘಟಕದಲ್ಲಿ, ನಾವೆಲ್ಲ "ಗಾಜಿನ ಪೆಟ್ಟಿಗೆ" ಎನ್ನುವ ಕಡೆ, ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ. ಕಾಮಾಲೆಗೆ ರಕ್ತ ಬದಲಾಯಿಸಿದ್ದರೆ, ಮಿದುಳು ಜ್ವರ ಬಂದಿದ್ದರೆ, ಜೆಂಟಾಮೈಸಿನ್ ಅಥವಾ ಅಮಿಕಾಸಿನ್‌ನಂಥ ಔಷಧವನ್ನು ಹಲವು ದಿನ ಚುಚ್ಚಿದ್ದರೆ, ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಅಥವಾ ಸೈಟೊಮೆಗಾಲೊ ವೈರಸ್ ತಗುಲಿದ್ದರೆ. ಇನ್ನೊಂದನ್ನು ನಮ್ಮ ಸೀಮೆಯಲ್ಲಿ ಒತ್ತಿ ಹೇಳಬೇಕು: ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು, ಹೆರಿಗೆ ಸಲೀಸಾಗಿ ಆಗಿದ್ದರೂ ಸರಿ.

ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟರು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕವಿದು, ನೀವೂ ಮಾಡಿಕೊಳ್ಳಿ.

ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿ "ಪಾಸ್" ಎಂದು ಬರೆದಿದ್ದಾರೆ. ಮತ್ತೆ ಏಕೆ?

ಈ ಪ್ರಶ್ನೆಗೆ ನಾನು ಯಾವಾಗಲೂ ಉದ್ದವಾಗಿ ಉತ್ತರಿಸುತ್ತೇನೆ. ನನ್ನ ಮಗನ ಫೈಲಿನಲ್ಲಿ ಅಂಥದೊಂದು ಚೀಟಿ ಇದೆ. ನಾಲ್ಕನೆಯ ದಿನಕ್ಕೆ ಅವನಿಗೆ ಕಾಮಾಲೆ ಏರಿತು, ಅಂಗಾಲಿನವರೆಗೂ ಹಳದಿ. ರಕ್ತ ಬದಲಾಯಿಸಿದರು, ಜೀವ ಉಳಿಯಿತು. ಮನೆಗೆ ಕಳುಹಿಸುವಾಗ ಕಿವಿಯಲ್ಲಿ ಒಂದು ಪುಟ್ಟ ಕೊಳವೆಯಿಟ್ಟು ಎರಡು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ಪಾಸ್ ಎಂದರು. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದೆ. ಒಂದೂವರೆ ವರ್ಷ ಯಾರು "ಕಿವಿ ಕೇಳುತ್ತದೆಯೇ" ಎಂದರೂ ಅದನ್ನೇ ಎತ್ತಿ ತೋರಿಸಿದೆ.

ಆ ಪರೀಕ್ಷೆಯ ಹೆಸರು ಒಎಇ. ಒಳಗಿವಿಯ ಬಸವನಹುಳುವಿನಂಥ ಭಾಗದಲ್ಲಿರುವ ಕೂದಲಿನಷ್ಟು ಸಣ್ಣ ಕೋಶಗಳು ಸದ್ದಿಗೆ ಮರುದನಿ ಕೊಡುತ್ತವೆಯೇ ಎಂದು ಅದು ನೋಡುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಆ ಸದ್ದು ನರದ ಮೂಲಕ ಮೆದುಳಿನ ಕಾಂಡದವರೆಗೆ ತಲುಪಿತೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಕಾಮಾಲೆಯ ವಿಷ ಹೊಡೆಯುವುದು ಹೆಚ್ಚಾಗಿ ಆ ದಾರಿಯನ್ನೇ. ಮೈಕು ಸರಿಯಿದೆ, ತಂತಿ ಹರಿದಿದೆ. ಇದಕ್ಕೆ ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಒಎಇ ಪಾಸಾಗುತ್ತದೆ, ಸದ್ದು ಮೆದುಳಿನ ಕಾಂಡಕ್ಕೆ ತಲುಪಿತೇ ಎಂದು ನೋಡುವ ಬೆರಾ ಪರೀಕ್ಷೆಯಲ್ಲಿ ಗೆರೆ ಮೇಲೇಳುವುದಿಲ್ಲ. ಮಗು ಒಮ್ಮೆ ಕೇಳಿಸಿಕೊಂಡಂತೆ ತಿರುಗುತ್ತದೆ, ಇನ್ನೊಮ್ಮೆ ಕಲ್ಲಿನಂತೆ ಇರುತ್ತದೆ. ಸದ್ದು ಬಂದದ್ದು ಗೊತ್ತಾದರೂ ಅದು "ಬಾ" ಎಂದದ್ದೋ "ತಾ" ಎಂದದ್ದೋ ಬಿಡಿಸಿಕೊಳ್ಳಲು ಆಗುವುದಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ದಿನ ಕಳೆದ ಮಗುವಿಗೆ, ಅದರಲ್ಲೂ ಕಾಮಾಲೆಯಾಗಿದ್ದ ಮಗುವಿಗೆ, ಒಎಇ ಒಂದೇ ಸಾಲದು. ಬೆರಾ ಬೇಕು ಎಂದು ಬಾಯಿಬಿಟ್ಟು ಕೇಳಿ. ಅಂದು ಆ ಚೀಟಿ ಕೊಟ್ಟವರು ಇದನ್ನು ನನಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಮಗನಿಗೆ ಒಂದೂವರೆ ವರ್ಷದ ಮಾತು ಉಳಿಯುತ್ತಿತ್ತು.

ಬೆರಾ ಪರೀಕ್ಷೆಯಲ್ಲಿ ನೋವಾಗುತ್ತದೆಯೇ?

ಇಲ್ಲ. ಹಣೆಯ ಮೇಲೆ, ಕಿವಿಯ ಹಿಂದೆ ಚರ್ಮ ಒರೆಸಿ ಅಂಟಿನ ತಂತಿಗಳನ್ನು ಹಚ್ಚುತ್ತಾರೆ. ಕಿವಿಯಲ್ಲಿ ಟಕ್ ಟಕ್ ಸದ್ದು ಬಿಡುತ್ತಾರೆ. ಮೆದುಳಿನ ಕಾಂಡ ಉತ್ತರ ಕೊಟ್ಟರೆ ಕಂಪ್ಯೂಟರಿನ ಗೆರೆಯಲ್ಲಿ ಅಲೆ ಏಳುತ್ತದೆ. ಸುಮಾರು ಒಂದು ಗಂಟೆ ಹಿಡಿಯುತ್ತದೆ, ಅಷ್ಟೂ ಹೊತ್ತು ಮಗು ನಿದ್ದೆಯಲ್ಲಿರಬೇಕು. ಕಷ್ಟವಿರುವುದು ಅಲ್ಲೇ.

"ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ ಕರೆತನ್ನಿ" ಎಂದಿದ್ದರು. ಎಬ್ಬಿಸಿದೆ. ಆದರೆ ಬೆಳಗಿನ ಬಸ್ಸು ಗಂಗಾವತಿ ದಾಟುವ ಮೊದಲೇ ಅವನು ನನ್ನ ತೋಳಿನಲ್ಲಿ ಗೊರಕೆ ಹೊಡೆಯುತ್ತಿದ್ದ. ನಿದ್ದೆಯೆಲ್ಲ ಬಸ್ಸಿನಲ್ಲೇ ಖರ್ಚಾಯಿತು. ಪರೀಕ್ಷೆಯ ಕೋಣೆಯಲ್ಲಿ ಕಣ್ಣರಳಿಸಿ ಕುಳಿತವನಿಗೆ ಸಿರಪ್ ಕುಡಿಸಿದರೂ ಜಗ್ಗಲಿಲ್ಲ. ವಾಪಸು ಬಂದೆವು. ಎರಡನೆಯ ಸಲ ಅತ್ತೆ ಜೊತೆಗೆ ಬಂದರು. ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುತ್ತಾ, ಬಳೆ ಆಡಿಸುತ್ತಾ, ಪಕ್ಕದ ಸೀಟಿನವರ ಬೈಗುಳ ಕೇಳುತ್ತಾ ಎಚ್ಚರವಾಗಿಟ್ಟರು. ಮೂರು ತಿಂಗಳೊಳಗಿನ ಕೂಸಿಗೆ ಈ ಯಾವ ಸರ್ಕಸ್ಸೂ ಬೇಡ. ಹಾಲು ಕುಡಿಸಿದರೆ ಸಾಕು, ಮಲಗುತ್ತದೆ. ಬೇಗ ಮಾಡಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ತಟ್ಟೆ ಬಡಿದರೆ ತಿರುಗಿ ನೋಡುತ್ತಾಳೆ. ಅಷ್ಟು ಸಾಲದೇ?

ಸಾಲದು. ತಟ್ಟೆಯ ಸದ್ದು ಬಾಗಿಲಾಚೆಯವರಿಗೂ ಕೇಳುತ್ತದೆ. "ಸ" "ಶ" "ಪ" ಕೇಳಿಸಲು ಬೇಕಾದ ಕಿವಿ ಬೇರೆ. ಅಲ್ಲದೆ ಬಡಿಯುವ ನಿಮ್ಮ ಕೈಯ ನೆರಳನ್ನೋ ಬೀಸಿದ ಗಾಳಿಯನ್ನೋ ಹಿಡಿದು ತಿರುಗುವ ಜಾಣ ಮಕ್ಕಳೂ ಇದ್ದಾರೆ.

ಹಿಯರಿಂಗ್ ಏಡ್ ಹಾಕಿದರೆ ಕಿತ್ತು ಬಿಸಾಡುತ್ತಾನೆ. ಏನು ಮಾಡುವುದು?

ಮೊದಲ ದಿನವೇ ಇಡೀ ದಿನ ಹಾಕಬೇಡಿ. ಮನೆ ಶಾಂತವಾಗಿರುವಾಗ, ಅವನಿಗೆ ಇಷ್ಟವಾದ ಆಟದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಆದರೆ ಗುರಿ ಎಚ್ಚರವಿರುವಷ್ಟು ಹೊತ್ತೂ ಕಿವಿಯ ಮೇಲಿರುವುದು. ಸಂತೆಗೆ, ಜಾತ್ರೆಗೆ ಹೋಗುವಾಗ ಮಾತ್ರ ಹಾಕಿದರೆ ಅದು ಓಲೆಯಾಗುತ್ತದೆಯೇ ಹೊರತು ಕಿವಿಯಾಗುವುದಿಲ್ಲ.

ಸಿಪಿ ಮಕ್ಕಳಲ್ಲಿ ಇನ್ನೊಂದು ಪೇಚು ಇದೆ. ತಲೆ ನಿಲ್ಲದ ಮಗು ದಿಂಬಿಗೋ ಕುರ್ಚಿಯ ಆಸರೆಗೋ ಒರಗಿದಾಗ ಯಂತ್ರ ಒತ್ತಿಕೊಂಡು ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ. ಮಗು ಕಿತ್ತೆಸೆಯುವುದು ಹಟಕ್ಕಲ್ಲ, ಆ ಶಿಳ್ಳೆಗೆ. ತಲೆಯ ಆಸರೆಯನ್ನು ಕಿವಿ ತಗುಲದಂತೆ ಕತ್ತರಿಸಿ ಹೊಂದಿಸಿಕೊಡಲು ಥೆರಪಿಸ್ಟರಿಗೆ ಹೇಳಿ. ಕೂಸಿನ ಕಿವಿ ಬೆಳೆಯುತ್ತಿರುತ್ತದೆ. ಕಿವಿಯೊಳಗೆ ಕೂರುವ ಯಂತ್ರದ ಅಚ್ಚು ಸಡಿಲವಾದರೂ ಶಿಳ್ಳೆ ಬರುತ್ತದೆ. ಮೊದಲ ವರ್ಷದಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕೇಬೇಕು.

ರಾಯಚೂರು, ಬಳ್ಳಾರಿಯ ಏಪ್ರಿಲ್ ತಿಂಗಳ ಬೆವರು ಯಂತ್ರಕ್ಕೆ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡಿ. ಆ ಬಿಲ್ಲೆಯಂಥ ಬ್ಯಾಟರಿ ಮಗುವಿನ ಬಾಯಿಗೆ ಸಿಗಬಾರದು. ನುಂಗಿದರೆ ಅನ್ನನಾಳ ಸುಡುತ್ತದೆ, ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು.

ಸಿಪಿ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡುತ್ತಾರೆಯೇ?

ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಕೇಳುವ ಸಾಧನವದು. ನನ್ನ ಮಗನಿಗೆ ಮೂರು ವರ್ಷ ತುಂಬಿದ ಮೇಲೆ ಮಾಡಿದರು. ಆಡಿಟರಿ ನ್ಯೂರೋಪತಿಯಲ್ಲಿ ಮೊದಲು ಹಿಯರಿಂಗ್ ಏಡ್ ಹಾಕಿ ಕೆಲವು ತಿಂಗಳು ನೋಡುತ್ತಾರೆ. ಪ್ರಯೋಜನವಾಗದಿದ್ದರೆ ಇಂಪ್ಲಾಂಟ್ ಅನೇಕ ಮಕ್ಕಳಿಗೆ ನೆರವಾಗುತ್ತದೆ. ಕಾಲುಗಳು ಬಿಗಿಯಾಗಿವೆ ಎಂಬುದು ಅದಕ್ಕೆ ಅಡ್ಡಿಯಲ್ಲ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲೂ ರಾಜ್ಯದ ಶ್ರವಣ ಸಂಜೀವಿನಿಯಲ್ಲೂ ಇದಕ್ಕೆ ನೆರವಿದೆ. ಆದರೆ ವಯಸ್ಸಿನ ಮಿತಿಯಿದೆ, ಆದ್ದರಿಂದ ತಡಮಾಡಿದಷ್ಟೂ ಬಾಗಿಲು ಮುಚ್ಚುತ್ತಾ ಬರುತ್ತದೆ. ಶಸ್ತ್ರಚಿಕಿತ್ಸೆಗಿಂತ ಅದರ ನಂತರದ ಕೇಳುವ ತರಬೇತಿಯೇ ದೊಡ್ಡ ಕೆಲಸ, ವರ್ಷಗಟ್ಟಲೆ.

ಕಣ್ಣಿನ ಡಾಕ್ಟರು "ಕಣ್ಣು ಚೆನ್ನಾಗಿದೆ" ಎಂದರು. ಆದರೂ ನಮ್ಮ ಮುಖ ನೋಡುವುದಿಲ್ಲ. ಏಕೆ?

ಇಬ್ಬರೂ ಸರಿ. ಕಣ್ಣು ಚೆನ್ನಾಗಿದೆ, ಆದರೂ ಮಗು ನೋಡುತ್ತಿಲ್ಲ. ಕಣ್ಣು ಬಾಗಿಲು ಮಾತ್ರ; ಒಳಗೆ ಬಂದದ್ದನ್ನು ಗುರುತಿಸುವುದು ತಲೆಯ ಹಿಂಭಾಗದ ಮೆದುಳು. ಅಲ್ಲಿಗೆ ಪೆಟ್ಟಾಗಿದ್ದರೆ ಸೆರೆಬ್ರಲ್ ವಿಷುವಲ್ ಇಂಪೇರ್‌ಮೆಂಟ್, ಚಿಕ್ಕದಾಗಿ ಸಿವಿಐ. ಉಸಿರು ಕಟ್ಟಿದ ಮಕ್ಕಳಲ್ಲಿ, ತಿಂಗಳು ತುಂಬದವರಲ್ಲಿ, ಮೊದಲ ದಿನಗಳಲ್ಲಿ ಹಾಲು ಸಾಲದೆ ಸಕ್ಕರೆ ಕುಸಿದವರಲ್ಲಿ ಇದು ಬರುತ್ತದೆ.

ಗುರುತುಗಳು ವಿಚಿತ್ರ. ಅಮ್ಮನ ಮುಖ ನೋಡದ ಮಗು ತಿರುಗುವ ಫ್ಯಾನನ್ನು ಗಂಟೆಗಟ್ಟಲೆ ನೋಡುತ್ತದೆ. ಟ್ಯೂಬ್‌ಲೈಟು ನೋಡುತ್ತದೆ. ಬೆಳಗ್ಗೆ ನೋಡಿದ್ದನ್ನು ಸಂಜೆ, ದಣಿದಾಗ, ನೋಡುವುದಿಲ್ಲ. ಆಟಿಕೆಗೆ ಕೈ ಚಾಚುವಾಗ ಮುಖ ಬೇರೆ ಕಡೆ ತಿರುಗಿಸುತ್ತದೆ. ಮನೆಯವರು "ನಾಟಕ ಮಾಡುತ್ತಾಳೆ" ಎನ್ನುತ್ತಾರೆ. ಕಾರಟಗಿ ಕಡೆಯ ಒಂದು ಹೆಣ್ಣುಮಗು ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇರುತ್ತಿತ್ತು. ತಾಯಿ ಕರೆದರೆ ಇಲ್ಲ, ಗಿಲಕಿ ಆಡಿಸಿದರೆ ಇಲ್ಲ. ಒಂದು ದಿನ ಅಜ್ಜಿ ಇಳಕಲ್ ಸೀರೆಯುಟ್ಟು ಬಂದಳು. ಅವಳು ಎದ್ದು ನೀರಿಗೆ ಹೋದಾಗ ಮಗುವಿನ ಕಣ್ಣು ಆ ಕೆಂಪು ಸೆರಗಿನ ಹಿಂದೆಯೇ ಹೋಯಿತು, ವಾಪಸು ಬಂದಾಗ ಅದರ ಹಿಂದೆಯೇ ಬಂತು. ತಾಯಿ ನನ್ನ ಮೊಣಕೈ ಹಿಡಿದುಕೊಂಡದ್ದು ಇನ್ನೂ ನೆನಪಿದೆ. ಮರುದಿನದಿಂದ ಥೆರಪಿಸ್ಟು ಎಲ್ಲ ಆಟಿಕೆಗಳನ್ನು ಬದಿಗಿಟ್ಟು ಆ ಸೆರಗಿನಿಂದಲೇ ಶುರುಮಾಡಿದರು.

ಸಿವಿಐ ಇರುವ ಅನೇಕ ಮಕ್ಕಳಿಗೆ ಕೆಂಪು ಅಥವಾ ಹಳದಿ, ಅದೂ ಅಲುಗಾಡುವ ವಸ್ತು, ಬೇಗ ಕಾಣುತ್ತದೆ. ಹಿನ್ನೆಲೆ ಖಾಲಿಯಿರಬೇಕು: ಹೂಬಳ್ಳಿಯ ಬೆಡ್‌ಶೀಟಿನ ಮೇಲೆ ಹತ್ತು ಆಟಿಕೆ ಹರವಿದರೆ ಅವರಿಗೆ ಏನೂ ಕಾಣುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಹಳದಿ ಬಟ್ಟಲಿಟ್ಟರೆ ಕಾಣುತ್ತದೆ. ಥಳಥಳ ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಜೋಳದ ರೊಟ್ಟಿ ಹಾಕಿ "ತಿನ್ನು" ಎಂದರೆ ಅವರು ತಟ್ಟೆಯನ್ನೇ ತಡವುತ್ತಾರೆ. ಕಡುಬಣ್ಣದ ತಟ್ಟೆ ಕೊಡಿ. ಕಿನ್ನಾಳದ ಬಣ್ಣದ ಗೊಂಬೆಯನ್ನು ಒಬ್ಬರು ತಂದಿದ್ದರು. ಒಳ್ಳೆಯ ಕೆಂಪು, ಆದರೆ ಬಾಯಿಗಿಡುವ ವಯಸ್ಸಿನಲ್ಲಿ ದೂರದಿಂದ ತೋರಿಸಲಷ್ಟೇ. ತೋರಿಸಿ, ಕಾಯಿರಿ. ಉತ್ತರ ಬರಲು ಹತ್ತಿಪ್ಪತ್ತು ಸೆಕೆಂಡು ಹಿಡಿಯಬಹುದು. ನಾವು ಮೂರನೆಯ ಸೆಕೆಂಡಿಗೇ ಬೇರೆ ಆಟಿಕೆ ಎತ್ತುತ್ತೇವೆ.

ಒಳ್ಳೆಯ ಸುದ್ದಿಯೆಂದರೆ ಸಿವಿಐ ಹಲವು ಮಕ್ಕಳಲ್ಲಿ ಅಭ್ಯಾಸದಿಂದ ಸುಧಾರಿಸುತ್ತದೆ. ಕೆಟ್ಟ ಸುದ್ದಿಯೂ ಒಂದಿದೆ. ನಾಲ್ಕರಿಂದ ಎಂಟು ತಿಂಗಳ ಕೂಸು, ನೋಡುತ್ತಿದ್ದದ್ದು ನೋಡುವುದನ್ನು ನಿಲ್ಲಿಸಿ, ನಿದ್ದೆಯಿಂದ ಎದ್ದಾಗ ಬೆಚ್ಚಿದಂತೆ ಮತ್ತೆ ಮತ್ತೆ ಮೈ ಮುದುಡಿಸಿದರೆ ಅದು "ಹೊಟ್ಟೆನೋವು" ಅಲ್ಲ, ಒಂದು ಬಗೆಯ ಫಿಟ್ಸ್. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಅದೇ ದಿನ ಮಕ್ಕಳ ವೈದ್ಯರ ಬಳಿ ಹೋಗಿ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಕಣ್ಣಿಗೆ ಬೇರೆ ಪರೀಕ್ಷೆ ಇದೆಯೇ?

ಇದೆ, ಅದಕ್ಕೆ ಗಡುವೂ ಇದೆ. 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಣ್ಣಿನ ಹಿಂಪರದೆಯನ್ನು 30 ದಿನದೊಳಗೆ ನೋಡಬೇಕು. ತೀರಾ ಸಣ್ಣ ಕೂಸಾದರೆ ಇನ್ನೂ ಮೊದಲು. ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಆರ್‌ಒಪಿ ಎಂಬ ರೋಗವಿದು. ಹೊತ್ತಿಗೆ ಸರಿಯಾಗಿ ಲೇಸರ್ ಅಥವಾ ಚುಚ್ಚುಮದ್ದು ಸಿಕ್ಕರೆ ದೃಷ್ಟಿ ಉಳಿಯುತ್ತದೆ, ತಪ್ಪಿದರೆ ಹೋದದ್ದು ಬರುವುದಿಲ್ಲ. ಕರ್ನಾಟಕದ ಹಳ್ಳಿಗಾಡಿನ ಕೂಸುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುವ ಕಿಡ್‌ರಾಪ್ ಕಾರ್ಯಕ್ರಮ 2008ರಲ್ಲೇ ಶುರುವಾಯಿತು. ಮಗುವನ್ನು ಮನೆಗೆ ಕಳುಹಿಸುವ ದಿನ "ಕಣ್ಣಿನ ತಪಾಸಣೆ ಯಾವ ತಾರೀಖು?" ಎಂದು ಕೇಳಿ, ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ. ಬಾಣಂತನದ ಮೂರು ತಿಂಗಳು ಹೊಸ್ತಿಲು ದಾಟಬಾರದು ಎನ್ನುವ ಹಿರಿಯರಿಗೆ ಈ ತಾರೀಖು ಕಾಯುವುದಿಲ್ಲ ಎಂದು ತಿಳಿಸಿ ಹೇಳಿ.

ಮೆಳ್ಳಗಣ್ಣು ಅದೃಷ್ಟ ಎನ್ನುತ್ತಾರೆ. ಬಿಡಬಹುದೇ?

ನಾಲ್ಕು ತಿಂಗಳಾದ ಮೇಲೂ ಕಣ್ಣು ಓರೆಯಾಗಿದ್ದರೆ ತೋರಿಸಿ. ಓರೆಯಾದ ಕಣ್ಣನ್ನು ಮೆದುಳು ನಿಧಾನಕ್ಕೆ ಕೈಬಿಡುತ್ತದೆ. ಜೊತೆಗೆ ಚಷ್ಮೆಯ ನಂಬರನ್ನೂ ನೋಡಿಸಿ. ಸಿಪಿ ಮಕ್ಕಳಲ್ಲಿ ಹತ್ತಿರದ್ದನ್ನು ಕೇಂದ್ರೀಕರಿಸುವ ಶಕ್ತಿಯೇ ಕಡಿಮೆಯಿರುವುದುಂಟು. ಚಿತ್ರದ ಪುಸ್ತಕ ನೋಡದ ಮಗು ಚಷ್ಮೆ ಹಾಕಿದ ದಿನವೇ ನೋಡಿದ್ದನ್ನು ಕಂಡಿದ್ದೇನೆ.

ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ, ಅವನಪ್ಪನೂ ಹಾಗೆಯೇ ಎನ್ನುತ್ತಾರೆ. ಎಷ್ಟು ದಿನ ಕಾಯಬಹುದು?

ಸಿಪಿ ಇರುವ ಮಗುವಿಗೆ ಒಂದು ದಿನವೂ ಬೇಡ. ಒಂಬತ್ತು ತಿಂಗಳಿಗೆ "ಬಬಬ", "ತತತ" ಇಲ್ಲದಿದ್ದರೆ, ವರ್ಷಕ್ಕೆ ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂತೆ ಎರಡು ಪದ ಕೂಡಿಸದಿದ್ದರೆ ಮೊದಲು ಕಿವಿ, ಆಮೇಲೆ ಸ್ಪೀಚ್ ಥೆರಪಿ. ಈ ಕ್ರಮ ತಪ್ಪಬಾರದು. ಕಿವಿ ಪರೀಕ್ಷೆಯಿಲ್ಲದೆ ಆರು ತಿಂಗಳು "ಅ ಆ" ಹೇಳಿಸುವುದು ಬತ್ತಿದ ಬಾವಿಗೆ ಹಗ್ಗ ಇಳಿಸಿದಂತೆ.

ನಾಲಿಗೆಯ ಕೆಳಗಿನ ನರ ಕೊಯ್ಯಿಸಿದರೆ, ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆಯೇ?

ಬರುವುದಿಲ್ಲ. ಇಂಥ ಮಕ್ಕಳಲ್ಲಿ ತುಟಿ, ನಾಲಿಗೆ, ಗಂಟಲು, ಉಸಿರನ್ನು ಒಟ್ಟಿಗೆ ಆಡಿಸುವ ಆಜ್ಞೆಯೇ ಮೆದುಳಿನಿಂದ ಸರಿಯಾಗಿ ಬರುತ್ತಿಲ್ಲ. ನಾಲಿಗೆಯನ್ನು ಕೊಯ್ದು ಏನು ಪ್ರಯೋಜನ? ನುಂಗಲು ತ್ರಾಸಪಡುವ ಮಗುವಿನ ಬಾಯಿಗೆ ಬಜೆ, ಜೇನು ಹಚ್ಚಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯ ಬೇರೆ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಕಣ್ಣಿಗೆ ಅಂಗಡಿಯ ಕಾಡಿಗೆ ತೀಡುವುದು ಇವೂ ಅದೇ ಪಟ್ಟಿಗೆ ಸೇರಿದವು. ಕೆಲವು ಕಾಡಿಗೆಗಳಲ್ಲಿ ಸೀಸವಿರುತ್ತದೆ, ಅದು ಮೆದುಳಿಗೆ ಇನ್ನೊಂದು ಪೆಟ್ಟು. ಫಿಟ್ಸಿಗೆ, ಕಾಮಾಲೆಗೆ ಊದುಬತ್ತಿಯಿಂದ ಬರೆ ಹಾಕುವುದರ ಬಗ್ಗೆ ಬರೆಯಲು ಕೂಡ ನನಗೆ ಸಂಕಟ. ಬರೆ ಬಿದ್ದ ಹೊಟ್ಟೆಯ ಕೂಸುಗಳನ್ನು ಆ ಬೆಂಚಿನ ಮೇಲೆ ನೋಡಿದ್ದೇನೆ. ಕಾಮಾಲೆಗೆ ಬೇಕಾದದ್ದು ನೀಲಿ ಬೆಳಕಿನ ಚಿಕಿತ್ಸೆ, ಅದೂ ಆ ದಿನವೇ.

ಜೊಲ್ಲು ನಿಲ್ಲುವುದೇ ಇಲ್ಲ. ಊಟಕ್ಕೆ ಒಂದು ಗಂಟೆ ಬೇಕು. ಇದಕ್ಕೂ ಮಾತಿಗೂ ಸಂಬಂಧವಿದೆಯೇ?

ಉಣ್ಣುವ ಬಾಯಿಯೇ ಆಡುವ ಬಾಯಿ. ಜೊಲ್ಲು ಹೆಚ್ಚು ಉತ್ಪತ್ತಿಯಾಗುತ್ತಿಲ್ಲ, ನುಂಗುವುದು ಕಡಿಮೆಯಾಗಿದೆ. ಮಗುವನ್ನು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿರಲಿ, ಚಮಚೆಯನ್ನು ಮೇಲಿನಿಂದಲ್ಲ, ಎದುರಿನಿಂದ ತನ್ನಿ. ಅಂಗಾತ ಮಲಗಿಸಿ ಒಳಲೆಯಲ್ಲಿ ಸುರಿಯುವುದನ್ನು ಇವತ್ತೇ ಬಿಡಿ. ಹಾಗೆ ಕುಡಿಸಿದರೆ ಹಾಲು ಪುಪ್ಪುಸಕ್ಕೆ ಹೋಗುತ್ತದೆ, ಕಿವಿಯ ಸೋಂಕಿಗೂ ದಾರಿಯಾಗುತ್ತದೆ. ಊಟದ ನಡುವೆ ಕೆಮ್ಮು, ಗೊರಗೊರ ದನಿ, ಪದೇ ಪದೇ ನ್ಯುಮೋನಿಯಾ ಇದ್ದರೆ ನುಂಗುವಿಕೆಯ ಪರೀಕ್ಷೆ ಬೇಕು. ಜೊಲ್ಲಿಗೆ ಔಷಧಗಳೂ ಇವೆ, ವೈದ್ಯರನ್ನು ಕೇಳಿ.

ಚಿತ್ರ ತೋರಿಸಿ ಮಾತಾಡಿಸಿದರೆ ಸೋಮಾರಿಯಾಗಿ ಬಾಯಿಯಿಂದ ಮಾತಾಡುವುದೇ ಇಲ್ಲವಂತೆ. ನಿಜವೇ?

ಸುಳ್ಳು. ಚಿತ್ರದ ಹಲಗೆ, ಸನ್ನೆ, ಕಣ್ಣಿನ ಸೂಚನೆ ಕೊಟ್ಟ ಮಕ್ಕಳಲ್ಲಿ ಮಾತು ಕಡಿಮೆಯಾಗಿಲ್ಲ, ಹಲವರಲ್ಲಿ ಹೆಚ್ಚಾಗಿದೆ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅರ್ಥವಾಗುತ್ತಿದ್ದೂ ಹೇಳಲಾಗದ ಮಗುವಿನ ಸಿಟ್ಟು ನಿಮಗೆ ಗೊತ್ತೇ ಇದೆ: ಕೂಗುತ್ತದೆ, ಕಚ್ಚುತ್ತದೆ, ತಲೆ ಬಡಿದುಕೊಳ್ಳುತ್ತದೆ.

ದುಬಾರಿ ಯಂತ್ರ ಬೇಕಾಗಿಲ್ಲ. ನಮ್ಮ ಮೊದಲ ಹಲಗೆ ಮದುವೆ ಕರೆಯೋಲೆಯ ದಪ್ಪ ರಟ್ಟು. ಅದರ ಮೇಲೆ ನಾಲ್ಕು ಫೋಟೋ: ನಮ್ಮದೇ ನೀರಿನ ಲೋಟ, ಅವನದೇ ತಟ್ಟೆ, ಬಚ್ಚಲಮನೆಯ ಬಾಗಿಲು, ಮತ್ತು ಅಡ್ಡ ಗೆರೆ ಎಳೆದ ಒಂದು ಕೈ, ಅಂದರೆ "ಬೇಡ". ಎಲ್ಲರೂ ಮೊದಲ ಮೂರನ್ನು ಹಾಕುತ್ತಾರೆ, ನಾಲ್ಕನೆಯದನ್ನು ಮರೆಯುತ್ತಾರೆ. "ಬೇಡ" ಎನ್ನಲು ಬಾರದ ಮಗುವಿಗೆ "ಬೇಕು" ಎನ್ನುವುದಕ್ಕೂ ಬೆಲೆಯಿರುವುದಿಲ್ಲ. ಕೈ ನಿಲ್ಲದ ಮಕ್ಕಳು ಕಣ್ಣಿನಿಂದ ತೋರಿಸಬಹುದು. ಮೇಲೆ ನೋಡಿದರೆ ಹೌದು, ಪಕ್ಕಕ್ಕೆ ನೋಡಿದರೆ ಅಲ್ಲ. ಆದರೆ ಕಾಮಾಲೆಯಿಂದ ಸಿಪಿ ಆದ ಮಕ್ಕಳಿಗೆ ಕಣ್ಣನ್ನು ಮೇಲೆತ್ತುವುದೇ ಕಷ್ಟ. ನನ್ನ ಮಗನಿಗೆ ಹಾಗಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ "ಹೌದು" ಎಡಕ್ಕಿದೆ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು. ಭಾಷೆ ಹೆಚ್ಚಾಗಿ ಮಾತು ತಡವಾಯಿತೇ?

ಬಳ್ಳಾರಿ, ರಾಯಚೂರಿನಲ್ಲಿ ಇದು ತಪ್ಪದೆ ಬರುವ ಪ್ರಶ್ನೆ. ಎರಡು ಮೂರು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತು ಕೆಡುವುದಿಲ್ಲ. ತಾಯಿಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು, ಗದರಲು, ಹಾಡಲು ಸಲೀಸೋ ಅದರಲ್ಲೇ ಮಾತಾಡಲಿ. ಥೆರಪಿಯವರಿಗಾಗಿ ಬಾರದ ಭಾಷೆಯಲ್ಲಿ ಮಗುವಿನೊಂದಿಗೆ ತಡವರಿಸುವುದು ಬೇಡ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರ ಚೀಟಿ ಹಿಡಿದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಎಲ್ಲರೂ ಡಿಇಐಸಿ ಎನ್ನುವಲ್ಲಿಗೆ, ಹೋಗಬಹುದು. ತಂಡ ಬರುವವರೆಗೆ ಕಾಯಬೇಕೆಂದೇನೂ ಇಲ್ಲ, ನೇರವಾಗಿಯೂ ಹೋಗಬಹುದು. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಳ್ಳಾರಿಯಲ್ಲಿ ನಾವಿನ್ನೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಇವೆ.

ಕಿವಿ, ಮಾತಿನ ವಿಷಯದಲ್ಲಿ ಕೊನೆಯ ಮಾತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದು, 1965ರಿಂದ ಇರುವ ಆಯಿಷ್. ದೂರ ನಿಜ. ಆದರೆ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿಯಲ್ಲಿ ಹತ್ತಿಸಿಕೊಂಡು ಮೈಸೂರಿನಲ್ಲೇ ಇಳಿಸುತ್ತದೆ, ಗಾಡಿ ಬದಲಾಯಿಸಬೇಕಿಲ್ಲ. ಎಲ್ಲ ಕಾಗದಗಳ ಎರಡು ಪ್ರತಿ ಮಾಡಿಸಿಕೊಂಡು ಹೋಗಿ.

ಗುಳೆ ಹೋಗುತ್ತೇವೆ. ಆರು ತಿಂಗಳು ಬೆಂಗಳೂರಿನಲ್ಲಿರುತ್ತೇವೆ. ಥೆರಪಿ ನಿಂತುಹೋಗುತ್ತದೆಯಲ್ಲ?

ಹೋಗುವ ಮೊದಲು ಥೆರಪಿಸ್ಟರಿಂದ ಮನೆಯಲ್ಲಿ ಮಾಡಿಸುವ ಅಭ್ಯಾಸಗಳನ್ನು ನಿಮ್ಮದೇ ಮೊಬೈಲಿನಲ್ಲಿ, ನಿಮ್ಮದೇ ಮಗುವಿನ ಮೇಲೆ ಮಾಡಿ ತೋರಿಸುವಂತೆ ವಿಡಿಯೋ ಮಾಡಿಸಿಕೊಳ್ಳಿ. ಬೆರಾ ವರದಿ, ಕಣ್ಣಿನ ವರದಿ, ಫಿಟ್ಸ್ ಮಾತ್ರೆಯ ಚೀಟಿಗಳ ಫೋಟೋ ಮೊಬೈಲಿನಲ್ಲಿರಲಿ. ಫಿಟ್ಸ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಬಾರದು. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವವರಾದರೆ ಅಭ್ಯಾಸವನ್ನು ಅಜ್ಜಿಗೆ ಕಲಿಸಿ. ನಾನು ನೋಡಿದ ಅತ್ಯುತ್ತಮ ಥೆರಪಿಸ್ಟರಲ್ಲಿ ಇಬ್ಬರು ಅಜ್ಜಿಯರು.

ಖರ್ಚಿಗೆ, ಓಡಾಟಕ್ಕೆ ಏನಾದರೂ ನೆರವಿದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಸಿಪಿ, ಕಿವುಡು, ಮಂದದೃಷ್ಟಿ, ಮಾತಿನ ತೊಂದರೆ ಎಲ್ಲವೂ ಅದರಲ್ಲಿ ಸೇರಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಕೈಕಾಲಿನದನ್ನು ಮಾತ್ರ ಬರೆಸಿ ಬರುತ್ತಾರೆ. ಕಿವಿ, ಕಣ್ಣಿನ ವರದಿಗಳನ್ನೂ ಕೊಟ್ಟು ಬಹುವಿಧ ಅಂಗವೈಕಲ್ಯ ಎಂದು ದಾಖಲಿಸಿ. 40 ಶೇಕಡಾ ದಾಟಿದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ರಾಷ್ಟ್ರೀಯ ನ್ಯಾಸದ, ಅಂದರೆ ನ್ಯಾಷನಲ್ ಟ್ರಸ್ಟಿನ, ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಥೆರಪಿಯ ಖರ್ಚೂ ಅದರಲ್ಲಿದೆ. ಅರ್ಜಿ ತುಂಬಿಸಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅದು ಅವರ ಕೆಲಸ. ಬಸ್ಸಿನ ಮಾತಿಗೆ ಬಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರ ಟಿಕೆಟ್ ತಪ್ಪಿದೆ. ಅದಾದ ಮೇಲೆ ಬೆಂಚಿನ ಮೇಲೆ ಹೊಸ ಮುಖಗಳು ಕಂಡವು.

ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

ಸೇರಿಸಿಕೊಳ್ಳಲೇಬೇಕು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅವರ ಹಕ್ಕು, ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ. ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ತರಗತಿಯಲ್ಲಿ ಮೊದಲ ಸಾಲು, ಕಿಟಕಿಯ ಬೆಳಕು ಬೆನ್ನಿಗಿರಲಿ, ಮಾತಾಡುವಾಗ ಮೇಷ್ಟ್ರು ಕಪ್ಪುಹಲಗೆಗೆ ಮುಖ ಮಾಡದಿರಲಿ. ಈ ಮೂರನ್ನು ಕಾಗದದ ಮೇಲೆ ಬರೆದುಕೊಡಿ, ಬಾಯಿಮಾತು ಮರೆತುಹೋಗುತ್ತದೆ.

ನಿಮ್ಮ ಮಗ ಈಗ ಮಾತಾಡುತ್ತಾನೆಯೇ?

ಏಳು ಪದ ಬಾಯಿಂದ ಬರುತ್ತವೆ. ಮನೆಯವರಿಗೆ ಏಳೂ ಅರ್ಥವಾಗುತ್ತವೆ, ಹೊರಗಿನವರಿಗೆ ಎರಡು. ರಟ್ಟಿನ ಹಲಗೆ ಹೋಗಿ ಈಗ ಅರವತ್ತು ಚಿತ್ರಗಳ ಪುಸ್ತಕವಾಗಿದೆ. ಮೊನ್ನೆ ಉಪ್ಪಿಟ್ಟು ಬಡಿಸಿದೆ. ಅವನು ಪುಸ್ತಕ ತೆರೆಸಿದ, ಮುಷ್ಟಿಯನ್ನು ಎಳೆದೆಳೆದು ಅಡ್ಡಗೆರೆಯ ಕೈಯ ಮೇಲಿಟ್ಟ. ಆಮೇಲೆ ಪುಟ ತಿರುಗಿಸಲು ಎಡಕ್ಕೆ ನೋಡಿದ, ಅಜ್ಜಿಯ ಫೋಟೋದ ಮೇಲೆ ಇಟ್ಟ. ನಾನು ಮಾಡಿದ್ದು ಬೇಡ, ಅಜ್ಜಿ ಮಾಡಿದ್ದು ಬೇಕು.